ಕೆರೆ ದಂಡೆಯ ಹಲಗೆ

‘ನೀರು ಕೆಡಿಸಬೇಡಿ’ ಎಂದು ನಾನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ವಿಜಯಪುರದ ಗೋಡೆಗಳ ಮೇಲೆ, ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳ ಶಾಲೆ, ನೀರಿನ ಟಾಕಿ, ಬಸ್ ನಿಲ್ದಾಣಗಳ ಮೇಲೆ ಅದನ್ನು ಬರೆದು ಬರೆದು ನನ್ನ ಮಣಿಕಟ್ಟು ಸವೆದಿದೆ. ಬೋರ್ಡು ಬರೆಯುವುದು ನನ್ನ ಕಸುಬು. ಫ್ಲೆಕ್ಸ್ ಬಂದ ಮೇಲೆ ಅಂಗಡಿಯವರೆಲ್ಲ ಒಬ್ಬೊಬ್ಬರಾಗಿ ನನ್ನನ್ನು ಬಿಟ್ಟರು, ಕೊನೆಗೆ ಉಳಿದದ್ದು ಸರಕಾರ. ಸರಕಾರಕ್ಕೆ ಗೋಡೆ ಬೇಕು, ಗೋಡೆಗೆ ನಾನು ಬೇಕು. ಯಾವ ಕಾನೂನು ಬಂದರೂ ನನ್ನ ಬ್ರಷ್ಷಿನ ತುದಿಯಿಂದ ಗೋಡೆಗೆ ಇಳಿಯುತ್ತದೆ, ಅಲ್ಲಿಂದ ಮುಂದೆ ಅದು ಹೋದದ್ದನ್ನು ನಾನು ಕಂಡಿಲ್ಲ. ಒಮ್ಮೆ ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ‘ಗಟಾರಕ್ಕೆ ಕಸ ಹಾಕಬೇಡಿ’ ಎಂದು ಬರೆದು ಏಣಿ ಇಳಿಯುತ್ತಿದ್ದೆ. ಅದೇ ಗೋಡೆಯ ಮನೆಯ ಹೆಂಗಸು ಬಂದು ಗಟಾರಕ್ಕೆ ಮುಸುರೆ ಸುರಿದು, ಅಕ್ಷರ ಬಹಳ ಚಂದ ಬಂದಿವೆ ಎಂದು ಹೊಗಳಿ ಒಳಗೆ ಹೋದಳು.

ನಮ್ಮದು ಅಂಬಿಗರ ಮನೆತನ. ಕೃಷ್ಣೆಯ ದಂಡೆಯ ಮೇಲಿದ್ದ ನಮ್ಮ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ ಅಪ್ಪ ಹರಿಗೋಲನ್ನು ಅಲ್ಲೇ ಬಿಟ್ಟು, ಬಲೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಜೋರಾಪುರ ಪೇಟೆಯ ಬಾಡಿಗೆ ಖೋಲಿಗೆ ಬಂದ. ನದಿಯಲ್ಲಿ ಬೆಳೆದ ಮನುಷ್ಯ ನಲ್ಲಿಯ ಮುಂದೆ ಸರದಿ ನಿಂತು ಮುದುಕನಾದ. ನಲ್ಲಿ ಗೊರಗುಟ್ಟಿ ಬರಿ ಗಾಳಿ ಬಿಟ್ಟ ದಿನ ಅವನಿಗೆ ನಗು ಬರುತ್ತಿತ್ತು. “ನನ್ನ ಮನಿ ಮುಳುಗಿಸಾಕ ಬಂದ ನೀರು, ಕೊಡಾ ತುಂಬಾಕ ಬರವಲ್ದು ನೋಡು” ಎನ್ನುತ್ತಿದ್ದ. ಆ ಬಲೆ ಅವನು ಸಾಯುವ ತನಕ ಗೂಟಕ್ಕೆ ತೂಗಾಡಿತು. ಅದರಲ್ಲಿ ಜೇಡ ಬಲೆ ಕಟ್ಟುತ್ತಿತ್ತು, ಅವ್ವ ಹಬ್ಬಕ್ಕೊಮ್ಮೆ ಝಾಡಿಸುತ್ತಿದ್ದಳು.

ಅಪ್ಪ ಹೋದ ಮೇಲೆ ಆ ಬಲೆಯನ್ನು ಅಕ್ಕ ಒಯ್ದಳು. ಅವಳನ್ನು ಕೊಟ್ಟದ್ದು ಬಬಲೇಶ್ವರ ಕಡೆಯ ಒಂದು ಊರಿಗೆ. ಹೆಸರು ಬರೆಯುವುದಿಲ್ಲ, ಕೆಲಸಕ್ಕೆಂದು ನಾನು ಅಲ್ಲಿಗೆ ಇನ್ನೂ ಹೋಗಬೇಕು. ಗಂಡ ಬೇಗ ತೀರಿಕೊಂಡ. ಅಕ್ಕ ಕಳೆ ತೆಗೆಯಲು, ಈರುಳ್ಳಿ ಕೀಳಲು ಹೋಗಿ ದಿನ ದೂಡುತ್ತಿದ್ದಳು. ಆ ಊರಿಗೆ ಒಂದು ದೊಡ್ಡ ಕೆರೆ ಇತ್ತು, ಆದರೆ ಅದರಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಆಮೇಲೆ ಒಂದು ವರ್ಷ ಕೃಷ್ಣೆಯ ನೀರನ್ನು ಎತ್ತಿ, ಕಾಲುವೆ ಕೊಳವೆಗಳಲ್ಲಿ ಹಾಯಿಸಿ, ಈ ಭಾಗದ ಕೆರೆಗಳನ್ನೆಲ್ಲ ತುಂಬಿಸಿದರು. ಅಕ್ಕನ ಊರಿನ ಕೆರೆಯೂ ತುಂಬಿತು. ತುಂಬಿದ ಕೆರೆಯನ್ನು ಮೀನು ಸಾಕಲು ಕೊಡುತ್ತಾರೆಂದು ಗೊತ್ತಾದಾಗ ಅಕ್ಕ ಮೀನುಗಾರರ ಸಂಘದ ಬಾಗಿಲಿಗೆ ಅಲೆದು ಅಲೆದು, ಹಿಡಿದ ಹಟ ಬಿಡದೆ, ಆ ಕೆರೆಯನ್ನು ತನ್ನ ಪಾಲಿಗೆ ಮಾಡಿಕೊಂಡಳು.

ಅಪ್ಪನ ಬಲೆಯನ್ನು ಮೊದಲ ಸಲ ನೀರಿಗೆ ಬಿಟ್ಟ ದಿನ ನಾನೂ ಹೋಗಿದ್ದೆ. ಅರ್ಧಕ್ಕರ್ಧ ಹರಿದಿದ್ದ ಬಲೆ, ಅದರಲ್ಲಿ ಏನೂ ಬೀಳುವಂತಿರಲಿಲ್ಲ, ಕೆಲಸಕ್ಕೆ ಹೊಸ ಬಲೆ ಬೇರೆಯೇ ಇತ್ತು. ಅಕ್ಕ ಮಾತ್ರ ಎದೆಮಟ್ಟ ನೀರಿನಲ್ಲಿ ನಿಂತು, “ಹೊಳಿ ನಮ್ಮನ್ನ ಹುಡುಕ್ಕೋತ ಬಂದೈತಿ ತಮ್ಮಾ” ಎಂದಳು. ಅವಳನ್ನು ಅಷ್ಟು ಸಂತೋಷದಲ್ಲಿ ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ. ಓಣಿಯ ಇಬ್ಬರು ಹೆಂಗಸರನ್ನು ಜೊತೆಗೆ ಹಾಕಿಕೊಂಡು ಕಾಟ್ಲಾ, ರೋಹು ಮರಿ ಬಿಟ್ಟಳು. ಹಿಂಡಿ, ತೌಡು ಹಾಕಿದಳು. ಮೀನುಗಳನ್ನು ಬಾಯಿಗೆ ಬಂದಂತೆ ಬೈಯುತ್ತ ಸಾಕಿದಳು. ಕೆರೆಗೆ ನೀರುಕಾಗೆ ಬಂದವು, ಆಮೆ ಬಂದವು, ರಾತ್ರಿಗೆ ಕಪ್ಪೆಗಳ ಗದ್ದಲ ಬಂತು. ಬೆಳಿಗ್ಗೆ ಕೊಕ್ಕರೆಗಳು ಸಾಲಾಗಿ ನಿಂತಿರುವುದನ್ನು ಕಂಡರೆ ಕಲ್ಲು ತೂರುತ್ತಿದ್ದಳು, ಅವು ಬರದ ದಿನ ಯಾಕೆ ಬರಲಿಲ್ಲವೆಂದು ಚಿಂತೆ ಮಾಡುತ್ತಿದ್ದಳು. ಕೂಲಿಗೆ ಹೋಗುವುದನ್ನು ಬಿಟ್ಟಳು. ಆ ಕೆರೆ ಕೈಯಲ್ಲಿರುವ ತನಕ ಯಾರ ಹೊಲದಲ್ಲೂ ಬಗ್ಗುವುದಿಲ್ಲ ಎಂದು ನನ್ನೆದುರಿಗೇ ಹೇಳಿದ್ದಳು.

ಕೆರೆ ತುಂಬಿದ ಮೇಲೆ ಅದನ್ನು ಕಾಯುವ ಕಾನೂನೂ ಬರಬೇಕಲ್ಲ, ಬಂತು. ದಂಡೆಯ ಮೇಲೆ ತಗಡಿನ ಹಲಗೆ ನೆಟ್ಟು, ಏನೇನು ಮಾಡಬಾರದೆಂದು ಬರೆಯಲು ನನ್ನನ್ನೇ ಕರೆಸಿದರು. ಅಧಿಕಾರಿಯೊಬ್ಬರು ಒಕ್ಕಣೆ ತಂದಿದ್ದರು. ಬಟ್ಟೆ ಒಗೆಯಬಾರದು, ಎಮ್ಮೆ ತೊಳೆಯಬಾರದು, ಟ್ರ್ಯಾಕ್ಟರ್ ಮತ್ತು ಔಷಧಿ ಹೊಡೆಯುವ ಯಂತ್ರ ತೊಳೆಯಬಾರದು, ಔಷಧಿ ಡಬ್ಬಿ ಎಸೆಯಬಾರದು, ಊರ ಗಟಾರ ಬಿಡಬಾರದು. ಒಳ್ಳೆಯ ಒಕ್ಕಣೆ. ಬರೆದವನು ಯಾರೋ ನೀರು ಕಂಡವನು. ಶಾಲೆಯ ಕಟ್ಟೆಯ ಮೇಲೆ ಹಿರಿಯರು ಕೂತು ಅದನ್ನು ಓದಿಸಿಕೊಂಡರು.

ಆ ಊರಲ್ಲಿ ಎಲ್ಲಕ್ಕಿಂತ ದೊಡ್ಡ ದ್ರಾಕ್ಷಿ ಪಡ, ಅಂದರೆ ತೋಟ, ಇದ್ದವರೊಬ್ಬರು, ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಇದನ್ನು ಕುಹಕಕ್ಕೆ ಹೇಳುತ್ತಿಲ್ಲ. ಹೋದಾಗಲೆಲ್ಲ ನನಗೆ ಚಹಾ ಕುಡಿಸದೆ ಬಿಟ್ಟವರಲ್ಲ. ಅಕ್ಕನನ್ನು ತಂಗಿ ಎಂದೇ ಕರೆಯುತ್ತಿದ್ದರು. ಅವರು ಒಕ್ಕಣೆ ಕೇಳಿ ತಲೆದೂಗಿ, ಎಲ್ಲ ಸರಿಯಾಗಿದೆ, ಆದರೆ ಗಟಾರ ಬೇರೆ ಕಡೆ ಹರಿಸಲು ಜಾಗ ಎಲ್ಲಿದೆ ಎಂದರು. ಆ ಸಾಲು ಹೋಯಿತು. ಡಬ್ಬಿ ಎಸೆಯುವವರು ಹುಡುಗರು, ಅವರಿಗೆ ಹಲಗೆ ಓದುವ ಪುರುಸೊತ್ತಿಲ್ಲ ಎಂದರು. ಆ ಸಾಲೂ ಹೋಯಿತು. ಟ್ರ್ಯಾಕ್ಟರಿನ ಸಾಲಿಗೆ ಬಂದಾಗ ನನ್ನ ಹಲಗೆಯನ್ನು ದೂರದಿಂದ ಅಂದಾಜು ಮಾಡಿ, “ಹಲಗಿ ಸಣ್ಣದೈತಿ. ಸಾಲು ಕಡಿಮಿ ಇದ್ರ ಅಕ್ಷರ ದೊಡ್ಡ ಕಾಣತಾವ” ಎಂದರು.

ಕೆಳಗೆ ಜಾಗ ತೋರಿಸಿ, ಎಲ್ಲ ಸಾಲೂ ಹಿಡಿಸುತ್ತವೆ ಎಂದೆ ನಾನು. ಏಣಿ ಮಾತಾಡಿದರೆ ನೋಡುವ ಹಾಗೆ ಎಲ್ಲರೂ ನನ್ನ ಕಡೆ ನೋಡಿದರು. ಅಧಿಕಾರಿಗೆ ಮುಂದಿನ ಊರಿಗೆ ಹೋಗುವ ಅವಸರ. ಹಲಗೆಯ ಮೇಲೆ ಉಳಿದದ್ದು ಬಟ್ಟೆ ಮತ್ತು ಎಮ್ಮೆ. ಅಂದರೆ ಅಗಸರು ಮತ್ತು ಒಂದೊಂದೇ ಎಮ್ಮೆ ಕಟ್ಟಿಕೊಂಡ ಬಡವರು. ದೊಡ್ಡವರ ಮನೆಯ ಬಟ್ಟೆ ಮಷಿನ್ನಿನಲ್ಲಿ ತಿರುಗುತ್ತಿದ್ದವು. ಅಕ್ಷರ ನಿಜಕ್ಕೂ ದೊಡ್ಡವು ಬಂದವು, ಆದರೂ ಕೆಳಗೆ ಜಾಗ ಉಳಿಯಿತು. ಬಣ್ಣ ಆರುವ ಮೊದಲೇ ಊರಿನ ಉತ್ಸಾಹಿಗಳು ಅಗಸರ ಮುದುಕಿಯೊಬ್ಬಳ ಬಟ್ಟೆಗಂಟನ್ನು ಒದ್ದು ದಂಡೆಯಿಂದ ಕೆಳಗೆ ಉರುಳಿಸಿ, ಹಲಗೆ ತೋರಿಸಿದರು. ಆಕೆಗೆ ಓದಲು ಬರುತ್ತಿರಲಿಲ್ಲ, ಆದರೂ ಅರ್ಥವಾಯಿತು.

ಆ ಕೆರೆಗೆ ಒಂದು ಇಳಿಜಾರು ಇದೆ. ಹಿಂದೆ ಕಾರಹುಣ್ಣಿಮೆಗೆ ಊರಿನ ಎತ್ತುಗಳನ್ನೆಲ್ಲ ಅಲ್ಲಿ ಇಳಿಸಿ ಮೈ ತೊಳೆಯುತ್ತಿದ್ದರಂತೆ. ಕೋಡಿಗೆ ಬಣ್ಣ ಹಚ್ಚುವ ಮೊದಲು ಎತ್ತಿಗೆ ಗಂಗೆ ತೋರಿಸಬೇಕು ಎಂಬುದು ಅಲ್ಲಿಯ ಪದ್ಧತಿ. ಎತ್ತುಗಳು ಹೋದವು, ಇಳಿಜಾರು ಉಳಿಯಿತು, ಪದ್ಧತಿಯೂ ಉಳಿಯಿತು. ಈಗ ಖಂಡೆ ಪೂಜೆಯ ದಿನ, ಮಹಾನವಮಿಯ ಬೆಳಿಗ್ಗೆ, ಟ್ರ್ಯಾಕ್ಟರುಗಳಿಗೆ ಗಂಗೆ ತೋರಿಸುತ್ತಾರೆ. ಟ್ರ್ಯಾಕ್ಟರಿನ ಹಿಂದೆ ದ್ರಾಕ್ಷಿಗೆ ಎಣ್ಣೆ ಹೊಡೆಯುವ ಬ್ಲೋವರ್ ಇರುತ್ತದೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಅದರ ದೊಡ್ಡ ಟಾಕಿಯನ್ನೂ ಒಳಗೆ ಹೊರಗೆ ತೊಳೆದು, ಚೆಂಡು ಹೂವಿನ ಮಾಲೆ ಹಾಕಿ, ಕಬ್ಬು ಕಟ್ಟಿ, ವಿಭೂತಿ ಹಚ್ಚಿದರೇ ಪೂಜೆ. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿ ಮುಗಿದು ಚಿಗುರು ಬರುವ ಕಾಲವೂ ಅದೇ. ದಿನ ಬಿಡದೆ ಎಣ್ಣೆ ಹೊಡೆಯುವ, ಟಾಕಿಯ ತಳದಲ್ಲಿ ಮೈಲುತುತ್ತದ ನೀಲಿ ಗಷ್ಟು ಕೂತಿರುವ ಕಾಲ.

ಖಂಡೆ ಪೂಜೆಗೆ ನನಗೂ ಕೆಲಸ ಇರುತ್ತದೆ. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ದೇವರ ಹೆಸರು, ಮಕ್ಕಳ ಹೆಸರು ಬರೆಯಬೇಕು. ಹಲಗೆ ನೆಟ್ಟ ವರ್ಷದ ಪೂಜೆಯಂದು ಇಳಿಜಾರಿನ ಮೇಲೆ ಕುಕ್ಕರಗಾಲಲ್ಲಿ ಕೂತು ಯಜಮಾನರ ಮೊಮ್ಮಗಳ ಹೆಸರು ಬರೆಯುತ್ತಿದ್ದೆ. ಕೆಳಗೆ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನೀರಿಗೆ ಇಳಿಯುತ್ತಿದ್ದವು. ಟಾಕಿಯ ಬಿರಡೆ ತೆಗೆದಾಗ ನೀಲಿ ನೀರು ಭಗ್ಗನೆ ಬಿದ್ದು ಕೆರೆಯೊಳಕ್ಕೆ ಹರಡಿಕೊಳ್ಳುತ್ತಿತ್ತು. ಬಣ್ಣದವನ ಕಣ್ಣಿಗೆ ಅದು ಚಂದವೇ ಕಂಡಿತು. ವಾಸನೆ ಮಾತ್ರ ಗಂಟಲಿಗೆ ಹತ್ತಿ ಕೂತಿತು.

ಅಕ್ಕ ಓಡುತ್ತ ಬಂದಳು. ಯಜಮಾನರ ಮುಂದೆ ನಿಂತು, “ಟಾಕಿ ಒಳಗಿಂದು ಇಲ್ಲಿ ಚೆಲ್ಲಬ್ಯಾಡ್ರಿ ಯಜಮಾನ್ರ. ನಿಮ್ಮ ತ್ವಾಟದ ಹೊಂಡದಾಗ ತೊಳಕೊಳ್ರಿ, ಕೈ ಮುಗಿತೀನಿ” ಎಂದಳು.

“ಹೊಂಡದ ನೀರು ಡ್ರಿಪ್ಪಿಗೆ ಹೋಗತೈತಿ ತಂಗಿ,” ಎಂದರು ಅವರು ಸಮಾಧಾನದಿಂದ. “ಚಿಗುರು ಸುಟ್ಟು ಹೋಗತಾವ.”

“ಚಿಗುರು ಸುಡತಾವ ಅಂದಮ್ಯಾಲ ಮೀನು ಉಳಿತಾವೇನ್ರಿ?”

ಹಬ್ಬದ ದಿನ ವಾದ ಬೇಡ ಎಂದು ಅವರು ನಕ್ಕರು. ಇಷ್ಟು ದೊಡ್ಡ ಕೆರೆಗೆ ಇದು ಯಾವ ಲೆಕ್ಕ, ಗಂಗವ್ವ ಎಲ್ಲ ಅರಗಿಸಿಕೊಳ್ಳುತ್ತಾಳೆ ಎಂದರು. ಅಕ್ಕ ಬಿಡಲಿಲ್ಲ. ಆಗ ಅವರು ದಂಡೆಯ ಕಡೆ ಕೈ ಮಾಡಿ, “ಹಲಗಿ ಮ್ಯಾಲ ಹಂಗೇನೂ ಇಲ್ಲಲ್ಲವಾ. ನಿನ್ನ ತಮ್ಮನ ಬರದಾನ, ಕೇಳಿ ನೋಡು” ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕನೂ ತಿರುಗಿದಳು. ನನ್ನ ಮೈ ಉರಿದುಹೋಯಿತು. ಆ ಸಿಟ್ಟನ್ನು ಯಜಮಾನರ ಮೇಲೆ ತೋರಿಸುವ ಧೈರ್ಯ ಇಲ್ಲದ್ದಕ್ಕೋ ಏನೋ, ನಾಲ್ಕು ಮಂದಿಯ ನಡುವೆ ನನ್ನನ್ನು ಸಿಕ್ಕಿಸಿದಳಲ್ಲ ಎಂದು ಅಕ್ಕನ ಮೇಲೆಯೇ ಸಿಟ್ಟು ಬಂತು. ಮೊಮ್ಮಗಳ ಹೆಸರಿನ ಕೊನೆಯ ಅಕ್ಷರ ಬಾಕಿ ಇತ್ತು, ಅದನ್ನು ಬರೆದೆ.

ಮರುದಿನ ದಶಮಿ. ಬೆಳಕು ಹರಿಯುವಾಗ ಸಣ್ಣ ಮೀನುಗಳು ದಂಡೆಯ ಉದ್ದಕ್ಕೂ ಬೆಳ್ಳಗೆ ತೇಲುತ್ತಿದ್ದವು. ಬಿಸಿಲೇರುತ್ತಿದ್ದಂತೆ ದೊಡ್ಡವು ಮೇಲೆ ಬಂದು, ಬಾಯಿ ತೆರೆದು, ಒಂದು ಮಗ್ಗುಲಾಗಿ ಸುತ್ತುತ್ತ ಸತ್ತವು. ಅಕ್ಕ ಸೀರೆ ಮೇಲೆ ಕಟ್ಟಿ ನೀರಿಗಿಳಿದು, ಇನ್ನೂ ಜೀವ ಇದ್ದವನ್ನು ಎತ್ತಿ ಎತ್ತಿ ನೀರು ತುಂಬಿಸಿದ ಬ್ಯಾರಲ್ಲಿಗೆ ಹಾಕುತ್ತಿದ್ದಳು, ಬ್ಯಾರಲ್ಲಿನಲ್ಲೂ ಅವು ಸಾಯುತ್ತಿದ್ದವು. ಊರಿನವರು ಬಂದರು. ಕೈಯಲ್ಲಿ ಬಕೆಟ್ಟು, ಚೀಲ, ಬುಟ್ಟಿ. ತಿನ್ನಬೇಡಿ, ವಿಷ ಇದೆ ಎಂದು ಅಕ್ಕ ಗಂಟಲು ಹರಿಯುವಂತೆ ಕೂಗಿದಳು. ಸತ್ತ ಮೀನು ಕೊಡಲಿಕ್ಕೂ ಇವಳಿಗೆ ಹೊಟ್ಟೆಯುರಿ ಎಂದು ಅವರು ಅಂದುಕೊಂಡರು. ಕೆಲವರು ಅಂದುಕೊಳ್ಳಲಿಲ್ಲ, ಕೇಳುವ ಹಾಗೆ ಅಂದರು.

ಸಂಜೆ ಬನ್ನಿ ಮುಡಿಯುವ ಹೊತ್ತಿಗೆ ಗಬ್ಬು ಊರೊಳಗೆ ನುಗ್ಗಿತ್ತು. ಹೊಸ ಬಟ್ಟೆ ತೊಟ್ಟವರು ಮೂಗಿಗೆ ಕರವಸ್ತ್ರ ಹಿಡಿದು ಬನ್ನಿ ಗಿಡಕ್ಕೆ ಹೋಗಿ ಬಂದರು. ನಾವಿಬ್ಬರೂ ದಂಡೆಯ ಮೇಲೆ ತೆಗ್ಗು ತೋಡಿ ಮೀನು ಹೂಳುತ್ತಿದ್ದೆವು. ಯಜಮಾನರು ದಾರಿ ಬಿಟ್ಟು ನಮ್ಮ ಹತ್ತಿರ ಬಂದರು. ಬಾರದೆ ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು. ಮೀನಿನ ಪೊರೆ ಅಂಟಿದ ಅಕ್ಕನ ಕೈಯಲ್ಲಿ ಬನ್ನಿ ಎಲೆ ಇಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣು ತಂಗಿ” ಎಂದರು. ನಮ್ಮ ಕಡೆ ಎಲ್ಲರೂ ಎಲ್ಲರಿಗೂ ಅಂದು ಹೇಳುವ ಮಾತು. ಹಿರಿಯರು ಕೊಟ್ಟಾಗ ಕಾಲು ಮುಟ್ಟಿ ನಮಸ್ಕರಿಸಬೇಕು. ಅಕ್ಕ ನಮಸ್ಕರಿಸಿದಳು.

ದೂರು ಕೊಟ್ಟೆವು. ಅರ್ಜಿಯನ್ನು ನಾನೇ ನನ್ನ ಚಂದದ ಅಕ್ಷರದಲ್ಲಿ ಬರೆದೆ. ಅಧಿಕಾರಿಗಳು ದೀಪಾವಳಿ ಮುಗಿಸಿಕೊಂಡು, ಬಾಟಲಿಗಳನ್ನು ಹಿಡಿದುಕೊಂಡು ಬಂದರು. ಅಷ್ಟರಲ್ಲಿ ಕಾಲುವೆಯಿಂದ ಹೊಸ ನೀರು ಬಂದು ಕೆರೆ ತಿಳಿಯಾಗಿತ್ತು. ನೀರು ತುಂಬಿಕೊಂಡು ಹೋದರು. ಪರೀಕ್ಷೆಯಲ್ಲಿ ಎಣ್ಣೆಯ ಸುಳಿವೇ ಇಲ್ಲವೆಂದು ಬಂತು. ಮೀನು ಕೊಳೆತ ಹೊಲಸು ಮಾತ್ರ ಇನ್ನೂ ಇದೆ ಎಂದು ಬಂತು. ಕೆರೆಗೆ ಯಾರು ಏನು ಹಾಕುತ್ತಿದ್ದರು ಎಂದು ಕೇಳಿದಾಗ ಊರು ಒಂದೇ ಬಾಯಿಂದ, ಈ ಹೆಣ್ಣುಮಗಳು ದಿನಾ ಹಿಂಡಿ, ತೌಡು, ಸಗಣಿ ಹಾಕುತ್ತಿದ್ದಳು ಎಂದಿತು. ಸುಳ್ಳಲ್ಲ, ಹಾಕುತ್ತಿದ್ದಳು. ನೀರು ಕೆಟ್ಟು ಮೀನು ಸತ್ತವು ಎಂದು ನಾವು ಬರೆದು ಕೊಟ್ಟದ್ದು, ಮೀನಿನಿಂದ ನೀರು ಕೆಟ್ಟಿತು ಎಂದಾಗಿ ವಾಪಸು ಬಂತು.

ಗ್ರಾಮಸಭೆ ಕರೆದರು. ಬಂದ ಅಧಿಕಾರಿ ಎಳೆಯ ಹುಡುಗ, ಮೃದು ಮಾತಿನವನು. ಇದು ಕುಡಿಯುವ ನೀರಿಗೆ ಮೀಸಲಾದ ಕೆರೆ, ಜಲಮೂಲವನ್ನೂ ಅದರಲ್ಲಿನ ಜೀವಿಗಳನ್ನೂ ಕಾಪಾಡುವುದು ಸರಕಾರದ ನೀತಿ, ಆದ್ದರಿಂದ ಮೀನು ಸಾಕಣೆ ನಿಲ್ಲಿಸಬೇಕೆಂದು ಊರು ಠರಾವು ಮಾಡಬಹುದು ಎಂದು ತಿಳಿಸಿ ಹೇಳಿದ. ಹೇಳುವಾಗ ಅಕ್ಕನ ಕಡೆ ನೋಡುತ್ತಿರಲಿಲ್ಲ. ಅಕ್ಕ ಎದ್ದು ನಿಂತಳು.

“ನಾ ಹಾಕಿದ ಹಿಂಡಿ ನಿಮ್ಮ ದನಾನೂ ತಿಂತಾವ,” ಎಂದಳು. “ನೀವು ಹಾಕಿದ್ದನ್ನ ಯಾರ ತಿಂತೀರಿ, ಎದ್ದು ಹೇಳ್ರಿ.”

ಹಿಂದಿನಿಂದ ಒಬ್ಬ ಕಿಸಕ್ಕೆಂದು ನಕ್ಕ. ಯಜಮಾನರು ಅವನನ್ನು ಗದರಿಸಿದರು, ಹೆಣ್ಣುಮಗಳು ಮಾತಾಡುವಾಗ ನಗಬಾರದು ಎಂದರು. ಆಮೇಲೆ ಎಲ್ಲರೂ ಕೈ ಎತ್ತಿದರು, ಅವರೂ ಎತ್ತಿದರು. ಬಲೆ ಎಳೆಯಲು ಅಕ್ಕನ ಜೊತೆ ಬರುತ್ತಿದ್ದ ಇಬ್ಬರೂ ಎತ್ತಿದರು, ಅವರ ಮನೆಯ ಗಂಡಸರು ಪಡದ ಕೆಲಸದಲ್ಲಿದ್ದರು.

ಹಲಗೆಗೆ ಹೊಸ ಸಾಲು ಬೇಕಾಯಿತು. ‘ಜಲಚರ ಜೀವಿಗಳ ಸಂರಕ್ಷಣೆಗಾಗಿ ಈ ಕೆರೆಯಲ್ಲಿ ಮೀನು ಸಾಕುವುದು, ಹಿಡಿಯುವುದು ನಿಷೇಧ.’ ಒಕ್ಕಣೆ ನನ್ನ ಕೈಗೆ ಬಂದಾಗ, ಇದನ್ನು ಕಟ್ಟಿದವನ ಕೈಗೆ ಹುಳ ಬೀಳಲಿ ಎಂದು ಬೈದೆ. ಹಲಗೆಯಲ್ಲಿ ಜಾಗವಿಲ್ಲ ಎನ್ನಬೇಕೆಂದುಕೊಂಡೆ, ಆದರೆ ಟ್ರ್ಯಾಕ್ಟರಿನ ಸಾಲಿಗೆಂದು ನಾನೇ ತೋರಿಸಿದ್ದ ಜಾಗ ಹಾಗೇ ಖಾಲಿ ಇತ್ತು. ಅಕ್ಕನ ಮನೆಗೆ ಹೋಗಿ, ನಾನು ಬರೆಯುವುದಿಲ್ಲ ಎಂದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ನೀನ ಬರಿ. ನೀ ಬ್ಯಾಡಂದ್ರ ಫ್ಲೆಕ್ಸ್ ಹಚ್ಚತಾರ, ಅದು ಒಂದು ಗಾಳಿಗೆ ಹರಿದು ಹೋಗತೈತಿ. ಗಟ್ಟಿ ಬಣ್ಣಲೆ ಬರಿ. ದಿನಾ ಓದಲಿ.”

ಬರೆದೆ. ಗಟ್ಟಿ ನೀಲಿ ಬಣ್ಣ, ಕೆಳಗೊಂದು ಮೀನಿನ ಚಿತ್ರ. ಚಿತ್ರ ಒಕ್ಕಣೆಯಲ್ಲಿ ಇರಲಿಲ್ಲ, ನಾನೇ ಹಾಕಿದೆ. ಕಾಟ್ಲಾ, ಬಾಯಿ ತೆರೆದದ್ದು. ನೋಡಿದವರೆಲ್ಲ ಬಹಳ ಚಂದ ಬಂದಿದೆ ಎಂದರು. ಅದನ್ನು ಬರೆಯುವಾಗ ನನಗೆ ಅಳು ಬರಲಿಲ್ಲ, ಬರಬೇಕಿತ್ತು ಅನ್ನಿಸಿತು.

ಮುಂದಿನ ಖಂಡೆ ಪೂಜೆಗೆ ಮತ್ತೆ ಕರೆ ಬಂತು, ಹೋದೆ. ಹಲಗೆಗೂ ಯಾರೋ ಚೆಂಡು ಹೂವಿನ ಮಾಲೆ ಹಾಕಿ ವಿಭೂತಿ ಹಚ್ಚಿದ್ದರು. ಅದೂ ಊರಿನ ಒಂದು ಸಾಮಾನಲ್ಲವೇ. ಕೆರೆಯ ಮೇಲೆ ಒಂದು ನೀರುಕಾಗೆಯೂ ಇರಲಿಲ್ಲ. ಟ್ರ್ಯಾಕ್ಟರುಗಳು ಇಳಿಜಾರಿನಲ್ಲಿ ಸಾಲುಗಟ್ಟಿದ್ದವು. ಮೊಣಕಾಲುಮಟ್ಟ ನೀರಿನಲ್ಲಿ ನಿಂತು, ಸೀರೆ ಮೇಲೆ ಕಟ್ಟಿ, ಬ್ಲೋವರ್ ಟಾಕಿಯೊಳಗೆ ತೋಳು ಹಾಕಿ ತಿಕ್ಕುತ್ತಿದ್ದ ಹೆಂಗಸಿನ ಬೆನ್ನು ನನಗೆ ಗುರುತಿನದು. ಕೆರೆ ಹೋದ ಮೇಲೆ ಯಜಮಾನರು ಅಕ್ಕನಿಗೆ ತಮ್ಮ ಪಡದಲ್ಲಿ ಕೆಲಸ ಕೊಟ್ಟಿದ್ದರು. ದೊಡ್ಡ ಮನಸ್ಸು ಎಂದು ಊರೆಲ್ಲ ಹೇಳಿತ್ತು. ಅಕ್ಕ ಮಾತ್ರ ನನಗೆ ಹೇಳಿರಲಿಲ್ಲ.

ಇಳಿದು ಹತ್ತಿರ ಹೋದೆ. ಕೈಗಾದರೂ ಏನಾದರೂ ಹಾಕಿಕೊಳ್ಳಬಾರದೇ, ಮೈಗೆ ಹತ್ತುತ್ತದೆ ಎಂದೆ. ಅವಳ ಉಗುರುಗಳೆಲ್ಲ ನೀಲಿಯಾಗಿದ್ದವು. ಅವಳು ಟಾಕಿಯ ಬಿರಡೆಗೆ ಕೈ ಹಾಕಿದಳು. ನಾನು ಬೇಡ ಎಂಬಂತೆ ಅವಳ ರಟ್ಟೆ ಹಿಡಿದೆ.

“ಅಂಜಬ್ಯಾಡ ತಮ್ಮಾ,” ಎಂದಳು. “ಒಳಗ ಸಾಯಾಕ ಏನೂ ಉಳಿದಿಲ್ಲ.”

ಬಿರಡೆ ಎಳೆದಳು. ನೀರು ಅವಳ ಕಾಲು ಸುತ್ತಿಕೊಂಡು ಕೆರೆಗೆ ಇಳಿಯಿತು. ಮೇಲಿನಿಂದ ಯಜಮಾನರು ನನ್ನನ್ನು ಕೂಗಿ, ಹಲಗೆಯಲ್ಲಿ ಜಲಚರ ಅನ್ನುವುದು ಮಾಸಿದೆ, ಬಂದದ್ದು ಬಂದಿದ್ದೀ, ಅದಕ್ಕೂ ಒಂದು ಕೈ ಹಚ್ಚಿಬಿಡು ಎಂದರು. ನಾನು ದಂಡೆ ಹತ್ತಿ, ನೀಲಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದೆ.